ಕಸ ಅಂತ ಕರೆದಿದ್ದೇ ಕಣ್ಣಿಗೆ ಬಂತು

ಹೆರಿಗೆಯಾದ ಕೂಡಲೇ ನಮ್ಮ ಕಡೆ ಹಿರಿಯ ಹೆಂಗಸರು ಕೇಳುತ್ತಿದ್ದ ಮಾತು, 'ಕಸ ಬಿತ್ತಾ?' ಕಸ ಅಂದರೆ ಮಾಸು, ಪ್ಲಾಸೆಂಟಾ. ಹಸುವಿಗೂ ಅದೇ ಮಾತು, ಬಾಣಂತಿಗೂ ಅದೇ. ಬಿದ್ದ ಮೇಲೆ ಹಿತ್ತಲಲ್ಲಿ ಹೂಳುತ್ತಿದ್ದರು. ಈಗ ಆಸ್ಪತ್ರೆಯ ಹಳದಿ ಚೀಲಕ್ಕೆ ಹೋಗುತ್ತದೆ.

ಆ ಕಸಕ್ಕೆ ಅಂಟಿಕೊಂಡಿರುವ ತೆಳ್ಳನೆ ಪೊರೆಯೊಂದಿದೆ, ಆಮ್ನಿಯಾನ್ ಅಂತ. ನನ್ನ ಲೆಕ್ಕದಲ್ಲಿ ಸ್ಟೆಮ್ ಸೆಲ್ (ಹೊಸ ಕೋಶಗಳನ್ನು ಹುಟ್ಟಿಸುವ ಮೂಲ ಕೋಶ) ಜಗತ್ತಿನ ನಿಜವಾದ ಹೀರೋ ಅದು. ಯಾಕೆ ಅನ್ನುವುದು ಸುಟ್ಟ ಕಣ್ಣಿನಿಂದ ಗೊತ್ತಾಗುತ್ತದೆ.

ಎಲೆ-ಅಡಿಕೆ ಹಾಕುವ ಮನೆಗಳಲ್ಲಿ ಸುಣ್ಣದ ಪ್ಯಾಕೆಟ್ ಮಕ್ಕಳ ಕೈಗೆ ಸಿಗುತ್ತದೆ. ಒತ್ತಿ ಆಡುತ್ತವೆ. ಪಟ್ ಅಂತ ಒಡೆದು ನೇರ ಕಣ್ಣಿಗೆ! ಕಪ್ಪು, ಬಿಳಿ ಸೇರುವ ಅಂಚಿನಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಭಾಗದ, ಮೇಲ್ಪದರವನ್ನು ಸದಾ ಹೊಸದು ಮಾಡುತ್ತಿರುವ ಸ್ಟೆಮ್ ಸೆಲ್‌ಗಳಿವೆ. ಸುಣ್ಣಕ್ಕೆ ಅವು ಸುಟ್ಟರೆ ಬಿಳಿ ಭಾಗದ ಪೊರೆ ರಕ್ತನಾಳಗಳ ಸಮೇತ ಕಾರ್ನಿಯಾ ಮೇಲೆ ಹಬ್ಬಿಬಿಡುತ್ತದೆ. ಆಗ ಬೇರೆಯವರ ಕಾರ್ನಿಯಾ ತಂದು ಹೊಲಿದರೂ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಮೊದಲೆಲ್ಲ ಒಳ್ಳೆಯ ಕಣ್ಣಿನಿಂದ ದೊಡ್ಡ ಚೂರೇ ತೆಗೆಯಬೇಕಿತ್ತು, ಇಲ್ಲವೇ ಈ ಸೆಲ್‌ಗಳನ್ನು ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಿ ತರಬೇಕಿತ್ತು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೀರೇಂದರ್ ಸಂಗ್ವಾನ್ ಮತ್ತು ಜೊತೆಯವರು 2012ರಲ್ಲಿ ಪ್ರಕಟಿಸಿದ ದಾರಿ ಓದಿ, ಇಷ್ಟೇನಾ ಅನ್ನಿಸಿತು. ಚೆನ್ನಾಗಿರುವ ಕಣ್ಣಿನ ಅಂಚಿನಿಂದ 2 ಮಿ.ಮೀ. ಚೂರು ತೆಗೆಯುತ್ತಾರೆ. ಎಂಟು-ಹತ್ತು ತುಣುಕು ಮಾಡುತ್ತಾರೆ. ಕೆಟ್ಟ ಕಣ್ಣನ್ನು ಹಸನು ಮಾಡಿ, ಕಸದ ಆ ಪೊರೆ ಹಾಸಿ, ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಅಂಟು ಹಾಕಿ ತುಣುಕುಗಳನ್ನು ಅಲ್ಲಲ್ಲಿ ಕೂರಿಸುತ್ತಾರೆ. ಲ್ಯಾಬೇ ಬೇಡ! 2016ರ ವರದಿಯ ಪ್ರಕಾರ 125 ಕಣ್ಣುಗಳಲ್ಲಿ 95 ಕಣ್ಣುಗಳ ಮೇಲ್ಮೈ ಉಳಿದುಕೊಂಡಿತ್ತು. ಸುಮ್ನೆ ಮಾತಲ್ಲ.

ಕಸದ ಪೊರೆ ಬರೀ ಹಾಸಿಗೆಯಲ್ಲ. ಅದರಲ್ಲಿರುವ ಕೊಲಾಜೆನ್, ಲ್ಯಾಮಿನಿನ್ ಎಂಬ ಪ್ರೋಟೀನುಗಳು ಕಣ್ಣಿನ ಸೆಲ್ ಕೂರುವ ಪದರದಲ್ಲೂ ಇವೆ. ಹಾಗಾಗಿ ಸೆಲ್‌ಗಳಿಗೆ ಹಿಡಿತ ಸಿಗುತ್ತದೆ, ತುಣುಕಿನಿಂದ ತೆವಳಿ ಹೊರಗೆ ಹರಡುತ್ತವೆ. ಉರಿಯೂತ, ಕಲೆ ಎರಡನ್ನೂ ಪೊರೆ ತಗ್ಗಿಸುತ್ತದೆ. ಅದಕ್ಕೆ ರಕ್ತನಾಳವೂ ಇಲ್ಲ, ಕಾರ್ನಿಯಾಗೆ ಬೇಕಾದದ್ದೂ ಅದೇ ಅಲ್ವಾ?

ಸೆಲ್ ಸುರಿದರೆ ಸಾಕು, ಮಿಕ್ಕಿದ್ದು ತಾನೇ ಆಗುತ್ತದೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. 2011ರಲ್ಲಿ ಸ್ಟಾಕ್‌ಹೋಮಿನಲ್ಲಿ ಶಸ್ತ್ರವೈದ್ಯ ಪಾವೊಲೊ ಮಾಕಿಯಾರಿನಿ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯದೇ ಸೆಲ್ ಹಚ್ಚಿ ಕೂರಿಸಿದಾಗ ಜಗತ್ತೆಲ್ಲ ಚಪ್ಪಾಳೆ ತಟ್ಟಿತು. ಪ್ಲಾಸ್ಟಿಕ್ ಜೀವಂತ ನಾಳವಾಗಲೇ ಇಲ್ಲ. ಅಲ್ಲಿ ಹಾಗೆ ಹಾಕಿಸಿಕೊಂಡ ಮೂವರೂ ತೀರಿಕೊಂಡರು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ಕೋರ್ಟು ಮಾಕಿಯಾರಿನಿಗೆ ಎರಡೂವರೆ ವರ್ಷ ಜೈಲು ವಿಧಿಸಿತು.

ಈಗಲೂ ಮಂಡಿ ನೋವಿಗೆ, ಮಕ್ಕಳ ಆಟಿಸಂಗೆ 'ಸ್ಟೆಮ್ ಸೆಲ್ ಇಂಜೆಕ್ಷನ್' ಅಂತ ಫಾರ್ವರ್ಡ್ ಬರುತ್ತಲೇ ಇರುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ: ಆ ಸೆಲ್ ಎಲ್ಲಿ ಕೂರುತ್ತದೆ, ಯಾವುದನ್ನು ಹಿಡಿದುಕೊಳ್ಳುತ್ತದೆ? ಇದುವರೆಗೆ ಫಾರ್ವರ್ಡ್ ಮಾಡಿದವರು ಯಾರೂ ಉತ್ತರ ಕೊಟ್ಟಿಲ್ಲ.

ಅಂದಹಾಗೆ, ಸುಣ್ಣ ಕಣ್ಣಿಗೆ ಸಿಡಿದರೆ ಆಟೋ ಹುಡುಕುವ ಮೊದಲು ನಲ್ಲಿ ತಿರುಗಿಸಿ. ರೆಪ್ಪೆ ಬಿಡಿಸಿ ಹಿಡಿದು, ಅರ್ಧ ಗಂಟೆಯಾದರೂ ನೀರು ಬಿಡಿ. ಆಮೇಲೆ ಆಸ್ಪತ್ರೆಗೆ ಓಡಿ.