ಎಫ್‌ಐಆರ್‌ನಲ್ಲಿ ರಸ್ತೆಯ ತಪ್ಪಿಗೆ ಜಾಗ ಎಲ್ಲಿದೆ?

ನಮ್ಮ ದೊಡ್ಡವ್ವನ ಮಗ ತೀರಿಕೊಂಡು ಹನ್ನೊಂದು ವರ್ಷ ಆಯಿತು. ರಾತ್ರಿ ಬೈಕಿನಲ್ಲಿ ಊರಿಗೆ ಬರುವಾಗ ಪೈಪ್ ಹಾಕಲು ಅಗೆದಿದ್ದ ಗುಂಡಿಗೆ ಬಿದ್ದ. ಸುತ್ತ ಒಂದು ಕಲ್ಲು ಇಟ್ಟಿರಲಿಲ್ಲ, ಒಂದು ಕೆಂಪು ಬಟ್ಟೆ ಕಟ್ಟಿರಲಿಲ್ಲ. ಆಮೇಲೆ ಎಫ್‌ಐಆರ್ ಪ್ರತಿ ಕೈಗೆ ಬಂತು. ‘ಅತಿವೇಗ ಹಾಗೂ ನಿಷ್ಕಾಳಜಿಯಿಂದ ಚಲಾಯಿಸಿ’ ಅಂತ ಬರೆದಿದ್ದರು. ಗುಂಡಿಯ ಮಾತು ಅರ್ಧ ಸಾಲು. ಅಗೆದವರು ಯಾರು, ಮುಚ್ಚದೆ ಬಿಟ್ಟಿದ್ದು ಯಾಕೆ? ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ ಇದು. ದಿನಕ್ಕೆ 460ಕ್ಕೂ ಜಾಸ್ತಿ. ಇದರಲ್ಲಿ ಎಷ್ಟು ಸಾವುಗಳು ಇದೇ ಒಂದು ಸಾಲಿನಲ್ಲಿ ಮುಗಿದಿರಬಹುದು, ಯೋಚಿಸಿ.

ಹುಬ್ಬಳ್ಳಿ-ಧಾರವಾಡದವರಿಗೆ 2021ರ ಜನವರಿ 15 ಮರೆತಿರಲಿಕ್ಕಿಲ್ಲ. ಸಂಕ್ರಾಂತಿಯ ಮರುದಿನ. ದಾವಣಗೆರೆಯ ಗೆಳತಿಯರು ಗೋವಾಕ್ಕೆ ಹೊರಟಿದ್ದರು. ಇಟಿಗಟ್ಟಿ ಹತ್ತಿರ ಬೈಪಾಸಿನಲ್ಲಿ ಅವರ ಟೆಂಪೊ ಟ್ರಾವೆಲರ್‌ಗೂ ಟಿಪ್ಪರ್‌ಗೂ ಡಿಕ್ಕಿ ಆಯಿತು. ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಆಗ ಆ ರಸ್ತೆ ಹೇಗಿತ್ತು ಅಂದರೆ, ಎರಡೂ ಕಡೆಯಿಂದ ನಾಲ್ಕು ಪಥದ ಹೆದ್ದಾರಿ ಬಂದು, ನಡುವೆ ಸುಮಾರು 30 ಕಿ.ಮೀ. ಮಾತ್ರ ಎರಡೇ ಪಥ. ಡಿವೈಡರ್ ಇಲ್ಲ. ನೂರರ ವೇಗದಲ್ಲಿ ಬಂದ ಲಾರಿ, ಬಸ್ಸು ಎಲ್ಲ ಎದುರುಬದುರು. ಅಗಲ ಮಾಡಿ ಅಂತ ಜನ ಎಷ್ಟೋ ವರ್ಷದಿಂದ ಕೇಳುತ್ತಿದ್ದರು. ಕೇಳಿದಾಗಲೆಲ್ಲ ಟೋಲ್ ಕಂಪನಿ ಜೊತೆಗಿನ ಒಪ್ಪಂದದ ಮಾತು ಬರುತ್ತಿತ್ತು, ಕೆಲಸ ಮುಂದಕ್ಕೆ ಹೋಗುತ್ತಿತ್ತು. ಇಂಥ ರಸ್ತೆಯಲ್ಲಿ ಓವರ್‌ಟೇಕ್ ಮಾಡಿದವನದು ತಪ್ಪು, ನಿಜ. ಅಂಥ ರಸ್ತೆಯನ್ನು ಹಾಗೇ ಇಟ್ಟವರದು?

ರೈಲಿನಲ್ಲಿ ಹೀಗಿಲ್ಲ. ರೈಲ್ವೆ ಸುರಕ್ಷತಾ ಆಯುಕ್ತರು ಅಂತ ಇದ್ದಾರೆ. ಅವರು ರೈಲ್ವೆ ಸಚಿವಾಲಯದ ಕೈಕೆಳಗೆ ಬರುವುದಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರುತ್ತಾರೆ. ರೈಲ್ವೆಯ ತಪ್ಪನ್ನು ರೈಲ್ವೆಯೇ ವಿಚಾರಣೆ ಮಾಡಬಾರದು ಅಂತ ಈ ಏರ್ಪಾಡು. 2023ರ ಜೂನ್‌ನಲ್ಲಿ ಒಡಿಶಾದ ಬಾಲಸೋರ್‌ನಲ್ಲಿ ರೈಲು ದುರಂತ ಆದಾಗ ಚಾಲಕನ ಮೇಲೆ ಹಾಕಿ ಮುಗಿಸಲಿಲ್ಲ. ಸಿಗ್ನಲ್ ವೈರಿಂಗ್‌ನಲ್ಲಿ ಹಿಂದೆ ಆಗಿದ್ದ ಲೋಪದವರೆಗೂ ತನಿಖೆ ಹೋಯಿತು. ರಸ್ತೆಗೆ ಮಾತ್ರ ಇಂಥವರು ಯಾರೂ ಇಲ್ಲ.

ಸ್ವೀಡನ್‌ ಸಂಸತ್ತು 1997ರಲ್ಲೇ ‘ವಿಷನ್ ಝೀರೋ’ ಒಪ್ಪಿಕೊಂಡಿತು. ಮನುಷ್ಯ ತಪ್ಪು ಮಾಡೇ ಮಾಡುತ್ತಾನೆ, ಆ ತಪ್ಪಿಗೆ ಜೀವ ಹೋಗದ ಹಾಗೆ ರಸ್ತೆ ಕಟ್ಟೋದು ಕಟ್ಟಿದವರ ಹೊಣೆ ಅಂತ. ರಸ್ತೆಯಲ್ಲಿ ಯಾರೇ ಸತ್ತರೂ ರಸ್ತೆ ಇಲಾಖೆಯೇ ಹೋಗಿ ಆಳವಾಗಿ ತನಿಖೆ ಮಾಡುತ್ತದೆ. ಡಿವೈಡರ್ ಇಲ್ಲದ ಹೆದ್ದಾರಿಗಳ ನಡುವೆ ಉಕ್ಕಿನ ತಂತಿಬೇಲಿ ಎಳೆದರು. ಒಟ್ಟು ಮೂರು ಪಥ, ಒಂದಷ್ಟು ದೂರ ಈ ಕಡೆಯವರಿಗೆ ಎರಡು, ಆಮೇಲೆ ಆ ಕಡೆಯವರಿಗೆ ಎರಡು. ಓವರ್‌ಟೇಕ್‌ಗೂ ಜಾಗ ಆಯಿತು, ಎದುರುಬದುರು ಡಿಕ್ಕಿಯೂ ತಪ್ಪಿತು. ಹೆಚ್ಚಿನ ಕಡೆ ರಸ್ತೆ ಅಗಲ ಕೂಡ ಮಾಡಲಿಲ್ಲ, ಇದ್ದಷ್ಟರಲ್ಲೇ ಮಾಡಿದರು. ನಮ್ಮ ಬೈಪಾಸಿನ ಸುದ್ದಿ ಕೇಳಿದಾಗಲೆಲ್ಲ ನನಗೆ ಆ ತಂತಿಬೇಲಿಯೇ ನೆನಪಾಗುತ್ತದೆ. 1997ರಲ್ಲಿ ಸ್ವೀಡನ್‌ ರಸ್ತೆಗಳಲ್ಲಿ 541 ಜನ ಸತ್ತಿದ್ದರು. ಈಗ ವರ್ಷಕ್ಕೆ 200ರ ಆಸುಪಾಸು. ಅವರ ಜನಸಂಖ್ಯೆ ಒಂದು ಕೋಟಿ ಚಿಲ್ಲರೆ, ನಮ್ಮ ರಾಜ್ಯ ಆರು ಪಟ್ಟು ದೊಡ್ಡದು, ಒಪ್ಪಿಕೊಳ್ಳೋಣ. ಆದರೆ 2022ರಲ್ಲಿ ಕರ್ನಾಟಕದಲ್ಲಿ ಸತ್ತವರು 11 ಸಾವಿರಕ್ಕೂ ಹೆಚ್ಚು.

ನಮ್ಮಲ್ಲಿ ಕಾನೂನೇ ಇಲ್ಲ ಅಂತಲ್ಲ. 2007ರಲ್ಲಿ ಕೇಂದ್ರ ಸರ್ಕಾರವೇ ನೇಮಿಸಿದ್ದ ಸುಂದರ್ ಸಮಿತಿ, ರಸ್ತೆ ಸುರಕ್ಷತೆಗೆ ಕಾನೂನಿನ ಬಲ ಇರುವ ಮಂಡಳಿ ಬೇಕು ಅಂದಿತು. 2010ರಲ್ಲಿ ಮಸೂದೆ ಬಂತು, ಕಾಯ್ದೆ ಆಗಲಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಮಂಡಳಿಗೆ ಜಾಗ ಸಿಕ್ಕಿತು, ಆದರೆ ಅದರ ಕೆಲಸ ಸಲಹೆ ಕೊಡುವುದು. ಅದೇ ತಿದ್ದುಪಡಿಯ 198ಎ ಕಲಂ ಓದಿ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಜೀವ ಹೋದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಎಲ್ಲರಿಗೂ ದಂಡ ಹಾಕಬಹುದು. ಎಷ್ಟು? ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಕೋಟಿಗಟ್ಟಲೆ ಟೆಂಡರ್ ಹಿಡಿದವರಿಗೆ ಅದು ಯಾವ ಲೆಕ್ಕ!

2025ರಲ್ಲಿ ಗಾಯಾಳುಗಳಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ಬಂತು. ಒಳ್ಳೆಯದು, ನಿಮ್ಮ ಮನೆಯವರಿಗೆಲ್ಲ ತಿಳಿಸಿ. ಆದರೆ ಅದು ಬಿದ್ದ ಮೇಲಿನ ಮಾತು.

ಹೆಲ್ಮೆಟ್ ಹಾಕದವರಿಗೆ, ಕುಡಿದು ಓಡಿಸುವವರಿಗೆ ದಂಡ ಬೀಳಲಿ. ನನ್ನ ತಕರಾರಿಲ್ಲ. ನಾನು ಕೇಳೋದು ಇಷ್ಟೇ. ರಸ್ತೆಯಲ್ಲಿ ಜೀವ ಹೋದಾಗಲೆಲ್ಲ ಪೊಲೀಸರ ಜೊತೆ ಒಬ್ಬ ಎಂಜಿನಿಯರ್ ಹೋಗಲಿ. ಆ ರಸ್ತೆಯ ಕೆಲಸ ಮಾಡಿಸಿದ ಇಲಾಖೆಯವನು ಬೇಡ, ಹೊರಗಿನವನು. ಬೆಳಕು, ತಿರುವು, ಗುಂಡಿ, ಬೋರ್ಡು ಎಲ್ಲ ನೋಡಿ ವರದಿ ಬರೆಯಲಿ. ಸತ್ತವರ ಮನೆಗೆ ಒಂದು ಪ್ರತಿ ಕೊಡಲಿ. ಇದನ್ನು ನೋಡಿಕೊಳ್ಳುವ ಸಂಸ್ಥೆ ಸಾರಿಗೆ, ಲೋಕೋಪಯೋಗಿ, ಹೆದ್ದಾರಿ ಪ್ರಾಧಿಕಾರ ಯಾವುದರ ಕೈಕೆಳಗೂ ಇರಬಾರದು. ರೈಲಿಗೆ ಮಾಡಲು ಆಗಿದ್ದು ರಸ್ತೆಗೂ ಆಗುತ್ತದೆ, ಅಲ್ವಾ?

ಅಣ್ಣ ಬಿದ್ದ ಗುಂಡಿಯನ್ನು ಮೂರನೇ ದಿನಕ್ಕೆ ಮುಚ್ಚಿದರು. ಅದರ ಮೇಲೆ ಈಗ ಡಾಂಬರು ಇದೆ. ದೊಡ್ಡವ್ವ ಇವತ್ತಿಗೂ ಮನೆಗೆ ಬಂದವರ ಮುಂದೆ ಹೇಳುತ್ತಾಳೆ, “ನನ್ ಮಗ ಗಾಡಿ ಜೋರ್ ಹೊಡೀತಿರ್ಲಿಲ್ಲಪ್ಪಾ.”