ಸಂತರ ಪ್ರಾರ್ಥನೆ ಬಗ್ಗೆ ಒಂದು ಸ್ಪಷ್ಟನೆ
ಕ್ಯಾಥೊಲಿಕ್ಸ್ ಸಂತರನ್ನೇ ದೇವರು ಅಂತ ಪೂಜೆ ಮಾಡ್ತಾರೆ, ಅವರು ಕ್ರೈಸ್ತರೇ ಅಲ್ಲ ಅಂತ ವಾಟ್ಸಾಪಲ್ಲಿ ಮತ್ತೆ ಮೆಸೇಜ್ ಓಡಾಡ್ತಿದೆ, ಅದು ತಪ್ಪು. ಯೇಸುವಿನ ತಾಯಿ ಮರಿಯಮ್ಮನಿಗೆ ಕ್ಯಾಥೊಲಿಕ್ಸ್ ಹೇಳೋ ನಮೋ ಮರಿಯಾ ಪ್ರಾರ್ಥನೆನ ಕೊನೇವರೆಗೂ ಓದಿ ನೋಡಿ, ಅಲ್ಲಿ ಮರಿಯಮ್ಮನ ಹತ್ರ ಕೇಳೋದು ಪಾಪಿಗಳಾದ ನಮಗೋಸ್ಕರ ಈಗಲೂ ಸಾಯೋ ಹೊತ್ತಲ್ಲೂ ಪ್ರಾರ್ಥನೆ ಮಾಡಿ ಅಂತ. ಆರಾಧನೆ ದೇವರಿಗೆ ಮಾತ್ರ, ಪವಿತ್ರ ಚಿತ್ರಗಳಿಗೆ ಗೌರವ ಅಷ್ಟೇ ಅಂತ 787ರಲ್ಲಿ ನೈಸಿಯಾ ಊರಲ್ಲಿ ಸೇರಿದ್ದ ಬಿಷಪ್‌ಗಳ ಮಹಾಸಭೆನೇ ಬಿಡಿಸಿ ಹೇಳಿದೆ.

ಹಾಗಂತ ಪ್ರೊಟೆಸ್ಟೆಂಟ್‌ನವರು ಸುಮ್ನೆ ಜಗಳ ತೆಗೀತಾರೆ ಅಂತಲ್ಲ, ದೇವರಿಗೂ ಮನುಷ್ಯರಿಗೂ ಮಧ್ಯಸ್ಥ ಕ್ರಿಸ್ತಯೇಸು ಒಬ್ರೇ ಅಂತ ಬೈಬಲಿನ 1 ತಿಮೊಥೆ 2:5ರಲ್ಲಿದೆ, ಅದನ್ನಿಟ್ಕೊಂಡೇ ಲೂಥರನ್ನರು (ಮಾರ್ಟಿನ್ ಲೂಥರ್ ದಾರಿ ಹಿಡಿದ ಪ್ರೊಟೆಸ್ಟೆಂಟ್‌ನವರು) ತಮ್ಮ ನಂಬಿಕೆ ಬರೆದಿಟ್ಟ 1530ರ ಔಗ್ಸ್‌ಬರ್ಗ್ ಅರಿಕೆಯಲ್ಲಿ ಸಂತರನ್ನ ನೆನೀಬೋದು, ಅವರ ನಂಬಿಕೆ ನೋಡಿ ಕಲೀಬೋದು, ಆದ್ರೆ ಅವರನ್ನ ಕರೆದು ಸಹಾಯ ಬೇಡಬಾರ್ದು ಅಂದ್ರು. ಭಿನ್ನಾಭಿಪ್ರಾಯ ಇರೋದು ಇಷ್ಟಕ್ಕೆ, ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡ್ಬೇಡಿ.