ಮತದಾರರ ಪಟ್ಟಿಯ ಕೆಲಸ ಪೂರ್ತಿ ಆನ್‌ಲೈನ್ ಆಗಬೇಕಾ? ಪರ – ವಿರೋಧ

ಓಟು ಹಾಕಬೇಕಾದರೆ ಮೊದಲು ಪಟ್ಟಿಯಲ್ಲಿ ಹೆಸರಿರಬೇಕು. ಆ ಹೆಸರನ್ನು ಸೇರಿಸುವುದು, ವಿಳಾಸ ಬದಲಿಸುವುದು, ಹೆಸರು ತೆಗೆಸುವುದು, ಈ ಮೂರೂ ಕೆಲಸ ಕೂತಲ್ಲೇ ಮೊಬೈಲಿನಲ್ಲಿ ಆಗುವ ಹಾಗಿರಬೇಕಾ? ಎರಡೂ ಕಡೆಯ ಮಾತನ್ನು ಬೇರೆ ಬೇರೆಯಾಗಿ ಬರೆದಿದ್ದೇನೆ.

ಪರ: ಕಚೇರಿಗೆ ಅಲೆಸಬೇಡಿ

ಮತದಾನದ ದಿನ. ಒಬ್ಬರು ಒಂದು ಗಂಟೆ ಸಾಲಿನಲ್ಲಿ ನಿಂತಿದ್ದಾರೆ. ಅವರ ಸರದಿ ಬಂತು. ಮೇಜಿನ ಹಿಂದೆ ಕೂತವರು ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಕೆಳಗಿಳಿಸುತ್ತಾರೆ. ಪುಟ ತಿರುವುತ್ತಾರೆ. ಮತ್ತೆ ಮೊದಲಿನಿಂದ ನೋಡುತ್ತಾರೆ. ಆಮೇಲೆ ತಲೆಯೆತ್ತಿ, ‘ನಿಮ್ಮ ಹೆಸರಿಲ್ಲ’ ಎನ್ನುತ್ತಾರೆ. ಹಿಂದೆ ನಿಂತವರು ಆಗಲೇ ಮುಂದೆ ಬರುತ್ತಿರುತ್ತಾರೆ.

ಇವರು ಮಾಡಿದ ತಪ್ಪೇನು? ಬಹಳ ಸಲ ಮನೆ ಬದಲಿಸಿದ್ದು, ಅಷ್ಟೇ. ಮನೆ ಬದಲಿಸುವವರು ಯಾರು ಅಂತ ಯೋಚಿಸಿ. ಬಾಡಿಗೆಯವರು, ಕೆಲಸ ಹುಡುಕಿಕೊಂಡು ಹೊರಟವರು, ಓದಲು ಊರು ಬಿಟ್ಟ ಹುಡುಗರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಸ್ವಂತ ಮನೆಯಲ್ಲಿ ಮೂವತ್ತು ವರ್ಷದಿಂದ ಇರುವವರ ಹೆಸರು ಪಟ್ಟಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಹೀಗಾಗಿ ‘ಅರ್ಜಿ ಕೊಡಲು ಕಚೇರಿಗೇ ಬನ್ನಿ’ ಎಂಬ ನಿಯಮ ಎಲ್ಲರಿಗೂ ಒಂದೇ ಅಂತ ಕಂಡರೂ ಪೆಟ್ಟು ಬೀಳುವುದು ಇವರಿಗೇ. ಕಚೇರಿಯ ಬಾಗಿಲು ತೆರೆದಿರುವ ಹೊತ್ತಿನಲ್ಲಿ ದಿನಗೂಲಿಯವರು ಕೆಲಸದಲ್ಲಿರುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಹೋದರೆ ‘ಇನ್ನೊಂದು ಜೆರಾಕ್ಸ್ ಬೇಕು, ನಾಳೆ ಬನ್ನಿ’ ಎನ್ನುತ್ತಾರೆ. ಮೂರನೇ ಸಲ ಯಾರು ಹೋಗುತ್ತಾರೆ?

ಇದು ಹೊಸ ಪ್ರಯೋಗವೇನೂ ಅಲ್ಲ. ಅಮೆರಿಕದಲ್ಲಿ ಆನ್‌ಲೈನ್ ನೋಂದಣಿಯನ್ನು ಮೊದಲು ಶುರು ಮಾಡಿದ್ದು ಅರಿಜೋನಾ ರಾಜ್ಯ, 2002ರಲ್ಲಿ. ಅಲ್ಲಿನ ಮಾರಿಕೋಪಾ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಲೆಕ್ಕದಲ್ಲಿ ಕಾಗದದ ಒಂದು ಅರ್ಜಿಗೆ 83 ಸೆಂಟ್ ಖರ್ಚಾದರೆ ಆನ್‌ಲೈನ್ ಅರ್ಜಿಗೆ ಸರಾಸರಿ 3 ಸೆಂಟ್. ದುಡ್ಡು ಉಳಿಯುವುದು ಒಳ್ಳೆಯದೇ. ಆದರೆ ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ತಪ್ಪುಗಳು ಕಡಿಮೆಯಾಗುವುದು. ಕಾಗದದ ಅರ್ಜಿಯಲ್ಲಿ ನಾನು ಕೈಬರಹದಲ್ಲಿ ಬರೆದದ್ದನ್ನು ಇನ್ಯಾರೋ ಓದಿ ಟೈಪ್ ಮಾಡುತ್ತಾರೆ. ಅವರ ಮುಂದೆ ಇನ್ನೂ ಇನ್ನೂರು ಅರ್ಜಿ ಬಿದ್ದಿರುತ್ತವೆ. 1 ಇದ್ದದ್ದು 7 ಆಗುತ್ತದೆ, ತಂದೆಯ ಹೆಸರಿನಲ್ಲಿ ಒಂದು ಅಕ್ಷರ ಹಾರಿಹೋಗುತ್ತದೆ. ನನ್ನ ಹೆಸರನ್ನು ನಾನೇ ಟೈಪ್ ಮಾಡಿದರೆ ಆ ತಾಪತ್ರಯವೇ ಇಲ್ಲ.

ಸುರಕ್ಷತೆಯ ಹೆಸರಿನಲ್ಲಿ ಬಿಗಿ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಕಾನ್ಸಾಸ್ ರಾಜ್ಯವನ್ನು ನೋಡಿ. ಪೌರತ್ವದ ಕಾಗದ ತೋರಿಸಿದರಷ್ಟೇ ಹೆಸರು ಸೇರಿಸುತ್ತೇವೆ ಎಂಬ ನಿಯಮ ಅಲ್ಲಿ 2013ರಲ್ಲಿ ಜಾರಿಗೆ ಬಂತು. ಅದರಿಂದ 31,089 ಜನರ ಅರ್ಜಿ ನಿಂತುಹೋಯಿತು. ವಿಷಯ ಕೋರ್ಟಿಗೆ ಹೋಯಿತು. 19 ವರ್ಷಗಳಲ್ಲಿ ಪಟ್ಟಿಗೆ ಸೇರಿಕೊಂಡ ಪೌರರಲ್ಲದವರು ಹೆಚ್ಚೆಂದರೆ 39 ಜನ ಎನ್ನುವುದು ಅಲ್ಲಿ ಗೊತ್ತಾಯಿತು. 2018ರಲ್ಲಿ ಕೋರ್ಟ್ ಆ ನಿಯಮವನ್ನು ತೆಗೆದುಹಾಕಿತು. ಅಷ್ಟರಲ್ಲಿ ಎಷ್ಟು ಜನರ ಓಟು ತಪ್ಪಿತ್ತೋ!

ಸರ್ವರ್ ಕೈಕೊಡುತ್ತದೆ ಎನ್ನುವುದು ನಿಜ. ಬ್ರಿಟನ್ನಿನಲ್ಲಿ 2016ರ ಜೂನ್ 7, ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕಾ ಬೇಡವಾ ಎಂಬ ಜನಮತಗಣನೆಗೆ ಹೆಸರು ಸೇರಿಸುವ ಕೊನೆಯ ದಿನ. ಆ ರಾತ್ರಿ ಜನ ಮುಗಿಬಿದ್ದು ಸೈಟೇ ಕುಸಿಯಿತು. ಸರ್ಕಾರ ಗಡುವನ್ನು 9ರ ಮಧ್ಯರಾತ್ರಿವರೆಗೆ ಮುಂದೂಡಿತು. ಹೀಗಾದಾಗ ದಿನ ಕೂಡಿಸಿಕೊಡಬೇಕು ಎಂದು ಮೊದಲೇ ಕಾನೂನಿನಲ್ಲಿ ಬರೆದಿಟ್ಟರೆ ಮುಗಿಯಿತು.

ಹ್ಯಾಕರ್‌ಗಳ ಭಯ ತೋರಿಸಿ ಆನ್‌ಲೈನ್ ಬೇಡ ಎನ್ನುವವರು ಒಂದು ವಿಷಯ ಮರೆಯುತ್ತಾರೆ. ಕಾಗದದಲ್ಲಿ ಕೊಟ್ಟ ಅರ್ಜಿಯೂ ಕೊನೆಗೆ ಹೋಗಿ ಸೇರುವುದು ಕಂಪ್ಯೂಟರಿಗೇ ಅಲ್ವಾ? ಡೇಟಾಬೇಸ್ ಹೇಗೂ ಇದೆ. ಕದಿಯಲು ಬಂದವರಿಗೆ ಅಷ್ಟು ಸಾಕು. ಇನ್ನೊಂದು ಮಾತು. ಆನ್‌ಲೈನ್ ಅರ್ಜಿ ಗುರುತು ಬಿಟ್ಟುಹೋಗುತ್ತದೆ. ಎಷ್ಟು ಹೊತ್ತಿಗೆ ಬಂತು, ಯಾವ ನಂಬರಿನಿಂದ ಬಂತು ಎಂದು ಹುಡುಕಬಹುದು. ಕೌಂಟರಿನಲ್ಲಿ ಯಾರೋ ಇಟ್ಟುಹೋದ ಐವತ್ತು ಅರ್ಜಿಗಳ ಕಟ್ಟಿಗೆ ಅಂಥ ಗುರುತು ಎಲ್ಲಿಂದ ತರುತ್ತೀರಿ?

ವಿರೋಧ: ಸೇರಿಸಿದಷ್ಟು ಸುಲಭವಾಗಿ ಅಳಿಸುವ ಹಾಗಿರಬಾರದು

‘ಡೇಟಾಬೇಸ್ ಹೇಗೂ ಇದೆ’ ಎನ್ನುವ ಮಾತಿನಿಂದಲೇ ಶುರು ಮಾಡುತ್ತೇನೆ. 2016ರ ಬೇಸಿಗೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಮತದಾರರ ಡೇಟಾಬೇಸಿಗೆ ಹ್ಯಾಕರ್‌ಗಳು ನುಗ್ಗಿದರು. ಎಲ್ಲಿಂದ ನುಗ್ಗಿದರು? ಜನರು ಆನ್‌ಲೈನ್‌ನಲ್ಲಿ ಅರ್ಜಿ ತುಂಬುವ ಪುಟದಿಂದಲೇ. ಹೆಸರು ಬರೆಯಲು ಕೊಟ್ಟ ಖಾಲಿ ಜಾಗದಲ್ಲಿ ಹೆಸರಿನ ಬದಲು ಡೇಟಾಬೇಸಿಗೆ ಅಪ್ಪಣೆ ಬರೆದು ಕಳಿಸುವ ಹಳೆಯ ತಂತ್ರ ಅದು. ಆ ಪುಟ ಬಂದದ್ದನ್ನು ಸರಿಯಾಗಿ ಸೋಸುತ್ತಿರಲಿಲ್ಲ, ಡೇಟಾಬೇಸ್ ಹೇಳಿದಂತೆ ಕೇಳಿತು. ಸುಮಾರು 5 ಲಕ್ಷ ಮತದಾರರ ವಿವರ ಕದ್ದರು ಎಂದು 2018ರ ಆರೋಪಪಟ್ಟಿ ಹೇಳಿತು. ಜನರ ಅನುಕೂಲಕ್ಕೆ ಇಟ್ಟ ಕಿಟಕಿ ಕಳ್ಳರಿಗೂ ಆಯಿತು.

ನುಗ್ಗಿದವರು ಬೇಗ ಸಿಕ್ಕಿಬೀಳುತ್ತಾರೆ ಅಂತಲೂ ಇಲ್ಲ. ಬ್ರಿಟನ್ನಿನ ಚುನಾವಣಾ ಆಯೋಗದ ಸರ್ವರ್‌ಗಳಿಗೆ 2021ರ ಆಗಸ್ಟ್‌ನಲ್ಲಿ ಹ್ಯಾಕರ್‌ಗಳು ಹೊಕ್ಕರು. ಗೊತ್ತಾದದ್ದು 2022ರ ಅಕ್ಟೋಬರ್‌ನಲ್ಲಿ. ಜನರಿಗೆ ಹೇಳಿದ್ದು 2023ರ ಆಗಸ್ಟ್‌ನಲ್ಲಿ. ಸುಮಾರು 4 ಕೋಟಿ ಜನರ ಹೆಸರು, ವಿಳಾಸ ಅಲ್ಲಿದ್ದವು. ಸಾಫ್ಟ್‌ವೇರ್‌ಗೆ ಬಂದ ತಿದ್ದುಪಡಿಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಕೊಂಡಿರಲಿಲ್ಲ.

ಫಿಲಿಪ್ಪೀನ್ಸ್‌ನಲ್ಲೂ 2016ರಲ್ಲಿ ಸುಮಾರು 5.5 ಕೋಟಿ ಮತದಾರರ ವಿವರ ಹೀಗೆಯೇ ಹೊರಬಿತ್ತು. ಇಂಥ ಕಳ್ಳತನದಿಂದ ಯಾರ ಹೆಸರೂ ಪಟ್ಟಿಯಿಂದ ಹೋಗುವುದಿಲ್ಲ, ನಿಜ. ಆದರೆ ಕದ್ದ ವಿವರ ಸುಮ್ನೆ ಬಿದ್ದಿರುವುದಿಲ್ಲ. ಅದೇ ವಿವರ ಇನ್ನೊಂದು ಕಡೆ ಕೀಲಿಕೈ ಆಗುತ್ತದೆ. ಅನೇಕ ಸೈಟುಗಳು ‘ನೀವು ನೀವೇ’ ಎಂದು ನಂಬುವುದು ಹೆಸರು, ಹುಟ್ಟಿದ ದಿನ, ವಿಳಾಸ, ಯಾವುದೋ ಒಂದು ಕಾರ್ಡಿನ ನಂಬರು, ಇಷ್ಟನ್ನು ಕೇಳಿ. ಇವೆಲ್ಲ ಆಗಲೇ ಎಲ್ಲೆಲ್ಲೋ ಸೋರಿಹೋಗಿವೆ. 2017ರಲ್ಲಿ ಹಾರ್ವರ್ಡ್ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಅಮೆರಿಕದ 35 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್‌ನ ಸೈಟುಗಳಲ್ಲಿ ಬೇರೆಯವರ ಹೆಸರಿನಲ್ಲಿ ಕೂತು ನೋಂದಣಿ ಬದಲಿಸಲು ಸಾಧ್ಯವಿತ್ತು ಎಂದು ಬರೆದರು.

ಬರಿಯ ವಿಳಾಸ ಬದಲಾದರೂ ಏನಾಗುತ್ತದೆ ಗೊತ್ತಾ? ನಿಮ್ಮ ಹೆಸರು ಇನ್ನೊಂದು ಮತಗಟ್ಟೆಯ ಪಟ್ಟಿಗೆ ಹೋಗಿ ಕೂರುತ್ತದೆ. ನಿಮಗೆ ಗೊತ್ತಾಗುವುದು ಮತದಾನದ ದಿನವೇ. ಪರವಾಗಿ ಬರೆದವರು ಹೇಳಿದ ಆ ಮೇಜಿನ ಮುಂದೆ ನೀವೂ ನಿಂತಿರುತ್ತೀರಿ. ಸುಳ್ಳು ಹೆಸರು ಸೇರಿಸಿದವರಿಗೆ ಇನ್ನೂ ಕೆಲಸ ಬಾಕಿ ಇರುತ್ತದೆ. ಆ ಹೆಸರಿನಲ್ಲಿ ಯಾರಾದರೂ ಬಂದು ಬೆರಳು ಕೊಟ್ಟು ಓಟು ಹಾಕಬೇಕು, ಸಿಕ್ಕಿಬೀಳುವ ಭಯವೂ ಇರುತ್ತದೆ. ಹೆಸರು ಅಳಿಸಿದವರಿಗೆ ಆಮೇಲೆ ಕೆಲಸವೇ ಇಲ್ಲ. ಕೀಲಿ ಒತ್ತಿ ಎದ್ದುಹೋದರೆ ಆಯಿತು. ಈ ವ್ಯತ್ಯಾಸ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಸೇರಿಸುವ ಅರ್ಜಿ ಆನ್‌ಲೈನ್‌ನಲ್ಲಿರಲಿ ಎಂದರೆ ನಾನು ಜಗಳಕ್ಕೆ ಬರುವುದಿಲ್ಲ. ನನ್ನ ತಕರಾರು ಮುಖ್ಯವಾಗಿ ತೆಗೆಯುವ ಅರ್ಜಿಯ ಮೇಲೆ.

ಅಮೆರಿಕದ ಜಾರ್ಜಿಯಾ ರಾಜ್ಯ 2024ರ ಜುಲೈ ಕೊನೆಯಲ್ಲಿ ಹೆಸರು ರದ್ದು ಮಾಡಿಸಲೆಂದೇ ಒಂದು ಪೋರ್ಟಲ್ ತೆರೆಯಿತು. ನವೆಂಬರ್‌ನಲ್ಲಿ ಅಧ್ಯಕ್ಷೀಯ ಚುನಾವಣೆ ಇತ್ತು. ಶುರುವಾದ ಕೂಡಲೇ ಒಂದು ದೋಷದಿಂದ ಜನರ ಖಾಸಗಿ ವಿವರ ಸ್ವಲ್ಪ ಹೊತ್ತು ಹೊರಗೆ ಕಂಡಿತು. ಕೆಲವೇ ದಿನಗಳಲ್ಲಿ ಯಾರೋ ಆ ರಾಜ್ಯದ ಚುನಾವಣೆಗಳ ಹೊಣೆ ಹೊತ್ತ ಮಂತ್ರಿಯ ಹೆಸರನ್ನೇ ತೆಗೆಸಲು ಅರ್ಜಿ ಹಾಕಿದರು! ಅದು ಫಲಿಸಲಿಲ್ಲ. ದೊಡ್ಡವರ ಹೆಸರಾದ್ದರಿಂದ ಸುದ್ದಿಯಾಯಿತು. ಸಾಮಾನ್ಯರದ್ದಾದರೆ ಯಾರು ಗಮನಿಸುತ್ತಿದ್ದರು?

ಸಾಮಾನ್ಯರ ಹೆಸರಿನ ಮೇಲೆ ಕೈಹಾಕಿದ ಪ್ರಕರಣವೂ ಇದೆ. ಕರ್ನಾಟಕದ ಆಳಂದ ಕ್ಷೇತ್ರದಲ್ಲಿ 2022ರ ಡಿಸೆಂಬರ್‌ನಲ್ಲಿ ಹೆಸರು ತೆಗೆಯಿರಿ ಎಂದು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಎಲ್ಲವೂ ಫಾರಂ 7, ಅಂದರೆ ಹೆಸರು ತೆಗೆಸಲು ತುಂಬುವ ನಮೂನೆ. ಇಷ್ಟೊಂದು ಅರ್ಜಿ ಒಮ್ಮೆಗೇ ಬಂದದ್ದರಿಂದ ಅನುಮಾನ ಹುಟ್ಟಿ, ಪ್ರತಿಯೊಂದನ್ನೂ ಸ್ಥಳದಲ್ಲೇ ಪರಿಶೀಲಿಸಿದರು. ನಿಜವಾದವು 24. ಉಳಿದ 5,994 ಅರ್ಜಿ ತಿರಸ್ಕಾರವಾದವು, 2023ರ ಫೆಬ್ರವರಿಯಲ್ಲಿ ಪೊಲೀಸ್ ಕೇಸಾಯಿತು. ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಇತ್ತು. ಅರ್ಜಿ ಹಾಕುವವರು ಆಧಾರ್ ಮೂಲಕ ಇ-ಸಹಿ ಮಾಡಬೇಕೆಂಬ ವ್ಯವಸ್ಥೆ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ.

ಒಟಿಪಿ, ಇ-ಸಹಿ ಎಲ್ಲ ಇರಲಿ. ಆದರೆ ಆಳಂದದ ಆ ಹೆಸರುಗಳು ಉಳಿದದ್ದು ಜನ ಹೋಗಿ ವಿಚಾರಿಸಿದ್ದರಿಂದ. ಹಾಗೆ ವಿಚಾರಿಸುವುದನ್ನು ಯಾರೂ ತಪ್ಪಿಸಲು ಆಗದ ನಿಯಮವಾಗಿ ಮಾಡಬೇಕು. ಅಮೆರಿಕದ 1993ರ ಕಾನೂನಿನ ಪ್ರಕಾರ ರಾಷ್ಟ್ರಮಟ್ಟದ ಚುನಾವಣೆಗೆ 90 ದಿನ ಇರುವಾಗ ಸಾಮೂಹಿಕವಾಗಿ ಹೆಸರು ತೆಗೆಯುವ ಕೆಲಸ ನಿಲ್ಲಬೇಕು. ಅಂಥದ್ದು ಎಲ್ಲ ಕಡೆಯೂ ಬೇಕು. ತೆಗೆಯುವ ಅರ್ಜಿ ಬಂದರೆ ಆ ವ್ಯಕ್ತಿಗೇ ಪತ್ರ ಹೋಗಬೇಕು, ಯಾರಾದರೂ ಅವರ ಮನೆಯ ಬಾಗಿಲು ತಟ್ಟಬೇಕು, ಉತ್ತರ ಬರುವವರೆಗೆ ಹೆಸರು ಇದ್ದಲ್ಲೇ ಇರಬೇಕು.